ನಾಲ್ಕನೇ ಲೇನಿನ ಎಡಭುಜ

ಕ್ರೀಡಾಂಗಣದ ಛಾವಣಿಗೆ ಅಂಟಿಕೊಂಡಂತಿದ್ದ ಆ ಗಾಜಿನ ಕೋಣೆಯಲ್ಲಿ ಮೂರು ಕುರ್ಚಿ, ನಾಲ್ಕು ಪರದೆ ಮತ್ತು ಒಂದು ಹೊಟ್ಟೆಕಿಚ್ಚು ಇದ್ದವು. ಕುರ್ಚಿ, ಪರದೆಗಳು ಎಲ್ಲರ ಕಣ್ಣಿಗೂ ಬೀಳುತ್ತಿದ್ದವು. ಹೊಟ್ಟೆಕಿಚ್ಚಿನ ವಿಷಯ ಮಾತ್ರ ತನ್ನೊಬ್ಬನಿಗೇ ಗೊತ್ತು ಎಂದು ಅದರ ಯಜಮಾನ ನಂಬಿಕೊಂಡಿದ್ದ.

ಅವನನ್ನು ಅಲ್ಲಿ ಎಲ್ಲರೂ ಗೆರೆ ಮೇಷ್ಟ್ರು ಎಂದು ಕರೆಯುತ್ತಿದ್ದರು. ಓಟ ಮುಗಿಯುವ ಜಾಗದಲ್ಲಿ ಕ್ಯಾಮೆರಾ ಹಿಡಿದ ಚಿತ್ರ ಪರದೆಗೆ ಬಂದ ಕೂಡಲೇ ಪ್ರತಿಯೊಬ್ಬ ಓಟಗಾರನ ಮೈಯಂಚಿಗೆ ಒಂದು ನೆಟ್ಟನೆಯ ಕೆಂಪು ಗೆರೆ ತಂದು ನಿಲ್ಲಿಸುವುದು ಅವನ ಕೆಲಸ. ತಲೆ ಲೆಕ್ಕಕ್ಕಿಲ್ಲ, ಕೈ ಲೆಕ್ಕಕ್ಕಿಲ್ಲ, ಕಾಲಂತೂ ಇಲ್ಲವೇ ಇಲ್ಲ. ಭುಜದಿಂದ ಸೊಂಟದವರೆಗಿನ ಮೈ ಯಾರದು ಮೊದಲು ದಾಟಿತೋ ಅವನು ಗೆದ್ದ. ಸೆಕೆಂಡನ್ನು ಸಾವಿರ ಚೂರು ಮಾಡಿ ಅದರಲ್ಲಿ ಒಂದು ಚೂರು ಯಾರಿಗೆ ಸೇರಬೇಕು ಎಂದು ಹೇಳುವ ಕೆಲಸ ಅದು. ಹನ್ನೊಂದು ವರ್ಷದಲ್ಲಿ ಅವನ ಗೆರೆಯನ್ನು ಯಾರೂ ತಿದ್ದಿರಲಿಲ್ಲ. ನೆಂಟರ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೋ ವಾಲಿದ್ದರೆ ಎದ್ದು ಸರಿಮಾಡಿ ಕೂರುವ ಆಸಾಮಿ. ಹೆಂಡತಿಗೆ ತಲೆ ತಗ್ಗಿಸುವಂತಾಗುತ್ತಿತ್ತು.

ಅವತ್ತು ಸಂಜೆ ಐದೂವರೆಗೆ ಗಂಡಸರ ನೂರಹತ್ತು ಮೀಟರ್ ಹರ್ಡಲ್ಸ್ ಫೈನಲ್. ಹತ್ತಾರು ದೇಶಗಳ ಓಟಗಾರರಲ್ಲಿ ಜರಡಿ ಹಿಡಿದು ಉಳಿದವರು ಎಂಟು ಮಂದಿ. ನಾಲ್ಕನೇ ಲೇನಿನಲ್ಲಿ ಕಡ್ಡಿ ನಿಂತಿದ್ದ.

ಕಡ್ಡಿ ಎಂಬುದು ಮನೆಯಲ್ಲಿ ಬಿದ್ದ ಹೆಸರು. ಹದಿನಾಲ್ಕು ವರ್ಷದ ಹಿಂದೆ ಗೆರೆ ಮೇಷ್ಟ್ರ ಅಪ್ಪ, ಓಟದ ಕೋಚ್, ಹನ್ನೆರಡು ವರ್ಷದ ಒಬ್ಬ ಹುಡುಗನನ್ನು ಕೈಹಿಡಿದು ಮನೆಗೆ ತಂದು, "ಇನ್ಮೇಲೆ ಇವನು ಇಲ್ಲೇ ಇರ್ತಾನೆ" ಎಂದಿದ್ದರು. ಅವನಿಗೆ ಮಂಚ ಹಾಕಿದ್ದು ಮಗನ ಕೋಣೆಯಲ್ಲಿ. ಹಾಲಿನ ಲೋಟ ಎರಡಾಯಿತು. ಸ್ವಲ್ಪ ದಿನದಲ್ಲಿ ದೊಡ್ಡ ಲೋಟ ಕಡ್ಡಿಯದಾಯಿತು. ಟ್ರ್ಯಾಕಿನ ಮೇಲೆ ತನ್ನನ್ನು 'ಸರ್' ಎಂದೇ ಕರೆಯಬೇಕು ಎಂದು ಅಪ್ಪ ಮಗನಿಗೆ ಕಟ್ಟಪ್ಪಣೆ ಮಾಡಿದ್ದರು, ಅವನು ಹತ್ತು ವರ್ಷ ಹಾಗೇ ಕರೆದಿದ್ದ. ಕಡ್ಡಿ ಬಂದು ವರ್ಷ ತುಂಬುವ ಮೊದಲೇ ಅದೇ ಟ್ರ್ಯಾಕಿನ ನಡುವೆ ನಿಂತು "ಅಪ್ಪಾ, ಶೂ ಹರಿದೋಯ್ತು" ಎಂದ. ಅಪ್ಪ ತಿದ್ದಲಿಲ್ಲ. ಹೊಸ ಶೂ ತಂದುಕೊಟ್ಟರು.

ಆ ವರ್ಷವೇ ಹತ್ತೊಂಬತ್ತರ ಮಗನಿಗೆ ಅಪ್ಪ ಕೈಗಡಿಯಾರ ನೋಡುತ್ತಲೇ ಹೇಳಿದರು: "ನಿನ್ನ ಕೈಲಿ ಆಗೋದು ಇಷ್ಟೇ ಕಣೋ. ಬೇರೆ ಏನಾದ್ರೂ ನೋಡ್ಕೋ." ಮಾರನೆಯ ಬೆಳಿಗ್ಗೆಯಿಂದ ಮಗನ ಲೇನಿನಲ್ಲಿ ಕಡ್ಡಿ ಓಡಿದ.

ಕಡ್ಡಿ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಆದರೆ ಆ ಪ್ರಾಣಿ ಒಳ್ಳೆಯವನು. ಎಲ್ಲಿ ಗೆದ್ದರೂ ಮೊದಲು ಫೋನ್ ಮಾಡಿ "ಅಣ್ಣಾ, ಊಟ ಆಯ್ತಾ?" ಎಂದು ಕೇಳಿ, ಆಮೇಲೆ ಗೆದ್ದ ಸುದ್ದಿ ಹೇಳುತ್ತಿದ್ದ. ಇಂಥವನ ಮೇಲೆ ಹೊಟ್ಟೆ ಉರಿದುಕೊಳ್ಳುವುದು ಎಷ್ಟು ಕಷ್ಟ ಎಂಬುದು ಉರಿದುಕೊಂಡವನಿಗೇ ಗೊತ್ತು.

ಕ್ರೀಡಾಕೂಟಕ್ಕೆ ಮೊದಲು ತೀರ್ಪುಗಾರರೆಲ್ಲ ಒಂದು ಫಾರ್ಮ್ ತುಂಬಬೇಕಿತ್ತು. ಸ್ಪರ್ಧಿಗಳಲ್ಲಿ ನಿಮ್ಮ ರಕ್ತಸಂಬಂಧಿಗಳಿದ್ದಾರೆಯೇ? ಇಲ್ಲ ಎಂದು ಬರೆದ, ಸುಳ್ಳೇನಲ್ಲ. ನಿಮ್ಮ ಅಪ್ಪನನ್ನು ಕಸಿದುಕೊಂಡವರು ಇದ್ದಾರೆಯೇ ಎಂಬ ಕಾಲಂ ಅದರಲ್ಲಿ ಇರಲಿಲ್ಲ.

ಕೋಣೆಯ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಮೂರನೆಯವರು ಊರಿನಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟವರು. ವರ್ಷಕ್ಕೊಮ್ಮೆ ಅಂಗಡಿ ಬಾಗಿಲು ಹಾಕಿ ಇಂಥ ಕೂಟಕ್ಕೆ ಬರುತ್ತಿದ್ದರು. ಗೆರೆ ಮೇಷ್ಟ್ರು ಗಾಜಿನಿಂದ ಕೆಳಗೆ ನೋಡಿದ. ಕೋಚ್‌ಗಳ ಸಾಲಿನಲ್ಲಿ ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದರು. ಟವೆಲ್ ಕಡ್ಡಿಯದು. ಮಗನ ಟವೆಲ್ ಯಾವ ಬಣ್ಣದ್ದಿತ್ತು ಎಂದು ಈಗ ಕೇಳಿದರೆ ಅಪ್ಪ ಬಾಯಿ ಬಾಯಿ ಬಿಡುತ್ತಿದ್ದರು.

ಗುಂಡು ಹಾರುವ ಮೊದಲೇ ಆರನೇ ಲೇನಿನವನು ಎದ್ದುಬಿಟ್ಟ. ಕೆಂಪು ಕಾರ್ಡ್ ತೋರಿಸಿದರು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹೊರಗೆ ನಡೆದ. ಉಳಿದ ಏಳು ಜನ ಮತ್ತೆ ಬಗ್ಗಿ ಕೂತರು. ಎರಡನೇ ಸಲ ಎಲ್ಲರೂ ಒಟ್ಟಿಗೆ ಚಿಮ್ಮಿದರು. ಮೂರು ಹೆಜ್ಜೆ, ಒಂದು ನೆಗೆತ. ಮೂರು ಹೆಜ್ಜೆ, ಒಂದು ನೆಗೆತ. ಐದನೇ ಹರ್ಡಲ್‌ವರೆಗೆ ಮೂರನೇ ಲೇನಿನವನೇ ಮುಂದು, ಕಳೆದ ಸಲದ ಚಾಂಪಿಯನ್. ಏಳನೆಯದಕ್ಕೆ ಅವನ ಹಿಮ್ಮಡಿ ತಗುಲಿ ಉದ್ದಕ್ಕೆ ಬಿದ್ದ. ಇಡೀ ಕ್ರೀಡಾಂಗಣ ಹೋ ಎಂದಿತು. ಈಗ ಕಡ್ಡಿ ಮುಂದು, ಪಕ್ಕದ ಐದನೇ ಲೇನಿನ ನೀಳ ತೋಳಿನವನು ಒಂದೇ ಗೇಣು ಹಿಂದೆ. ಒಂಬತ್ತನೆಯದರಲ್ಲಿ ಕಡ್ಡಿಯ ಮಂಡಿ ಹಲಗೆಗೆ ಬಡಿದು ಹರ್ಡಲ್ ಮಗುಚಿಕೊಂಡಿತು.

"ಬೀಳು," ಎಂದ ಗೆರೆ ಮೇಷ್ಟ್ರು.

ಬಾಯಿಬಿಟ್ಟೇ ಹೇಳಿದ್ದ. ಪುಣ್ಯಕ್ಕೆ ಜನರ ಗದ್ದಲದಲ್ಲಿ ಪಕ್ಕದವರಿಗೆ ಕೇಳಿಸಲಿಲ್ಲ.

ಕಡ್ಡಿ ಬೀಳಲಿಲ್ಲ. ಅರ್ಧ ಹೆಜ್ಜೆ ತಡವರಿಸಿದ, ಹತ್ತನೆಯದನ್ನು ಹೇಗೋ ದಾಟಿದ, ಇಬ್ಬರೂ ಒಂದೇ ಉಸಿರಿಗೆ ಕೊನೆಯ ಗೆರೆಗೆ ಮೈ ಚಾಚಿದರು. ದೊಡ್ಡ ಬೋರ್ಡಿನಲ್ಲಿ ಇಬ್ಬರಿಗೂ ಒಂದೇ ಸಮಯ ಬಂತು. ಹೆಸರು ಬರಬೇಕಾದ ಜಾಗ ಖಾಲಿಯಾಗಿಯೇ ಉಳಿಯಿತು. ಸಾವಿರಾರು ಜನ ಸುಮ್ಮನಾದರು. ಕಡ್ಡಿ ಟ್ರ್ಯಾಕಿನ ಮೇಲೆ ಮಂಡಿಯೂರಿ ಬೋರ್ಡನ್ನೇ ನೋಡುತ್ತಿದ್ದ. ಅಪ್ಪ ತಲೆಯ ಮೇಲೆ ಕೈಹೊತ್ತು ನಿಂತಿದ್ದರು.

ಚಿತ್ರ ಪರದೆಗೆ ಬಂತು. ಮೇಡಂ ಅವರ ಕಟ್ಟಳೆಯಂತೆ ಮೂವರೂ ಒಬ್ಬರದನ್ನೊಬ್ಬರು ನೋಡದೆ ಮೊದಲು ಚೀಟಿಯಲ್ಲಿ ಬರೆಯಬೇಕು. ಗೆರೆ ಮೇಷ್ಟ್ರು ಕೆಂಪು ಗೆರೆಯನ್ನು ಐದನೇ ಲೇನಿನವನ ಎದೆಗೆ ತಂದ. ಆಮೇಲೆ ಕಡ್ಡಿಯ ಎದೆಗೆ. ಎರಡು ಚೂರು ಹಿಂದೆ. ಕಡ್ಡಿ ಸೋತಿದ್ದ.

ಮೈಯೆಲ್ಲ ತಣ್ಣಗಾದಂತಾಯಿತು. ಹದಿನಾಲ್ಕು ವರ್ಷದಲ್ಲಿ ಇಂಥ ಸುಖ ಅವನಿಗೆ ಸಿಕ್ಕಿರಲಿಲ್ಲ. ಸಂಕೋಚಪಟ್ಟುಕೊಳ್ಳದೆ ಅದನ್ನು ಪೂರ್ತಿ ಅನುಭವಿಸಿದ. 'ಐದು' ಎಂದು ಬರೆದು ಚೀಟಿ ಮಡಿಚಿದ.

ಮಡಿಚಿದ ಮೇಲೆ ಕಣ್ಣು ಮತ್ತೆ ಪರದೆಗೆ ಹೋಯಿತು, ಹೋಗಬಾರದಿತ್ತು. ಕ್ಯಾಮೆರಾ ಇರುವುದು ಹೊರಗಿನ ಬದಿಗೆ. ಆ ಬದಿಗೆ ಹತ್ತಿರವಿದ್ದ ನೀಳ ತೋಳಿನವನು ಕೊನೆಯಲ್ಲಿ ಕೈಯನ್ನು ಮುಂದಕ್ಕೆ ಎಸೆದಿದ್ದ. ಆ ತೋಳು ಕಡ್ಡಿಯ ಕುತ್ತಿಗೆಯಿಂದ ಕಂಕುಳವರೆಗೆ ಅಡ್ಡ ಬಂದಿತ್ತು. ಕಾಣುತ್ತಿದ್ದದ್ದು ಕಡ್ಡಿಯ ಎದೆಯ ಮೇಲಿನ ನಂಬರ್ ಚೀಟಿ ಮಾತ್ರ. ತೋಳಿನ ಹಿಂದೆ ಏನಿದೆ ಎಂಬುದು ಚಿತ್ರದಲ್ಲಿರಲಿಲ್ಲ. ಗೆರೆ ಮೇಷ್ಟ್ರಿಗೆ ಮಾತ್ರ ಗೊತ್ತಿತ್ತು. ಅದರ ಹಿಂದೆ ಎಡಭುಜವಿತ್ತು.

ಆ ಭುಜ ಅವನದು. ಅವನಿಗೆ ಹದಿನಾಲ್ಕಾಗಿದ್ದಾಗ ಅಪ್ಪ ಮನೆಯ ಹಿಂದೆ ಬಟ್ಟೆ ಒಣಹಾಕುವ ಎರಡು ಕಂಬಗಳ ನಡುವೆ ಅಮ್ಮನ ಹೊಲಿಗೆಯ ದಾರ ಕಟ್ಟಿ, "ಎದೆಯಿಂದಲ್ಲ, ಎಡಭುಜದಿಂದ ಹರಿ. ಕೊನೇ ಹೆಜ್ಜೇಲಿ ತಿರುಗು" ಎಂದು ದಿನವೂ ಓಡಿಸುತ್ತಿದ್ದರು. ಹರಿದಷ್ಟೂ ಹೊಸ ದಾರ. ಉಂಡೆಗಟ್ಟಲೆ ದಾರ ಮುಗಿಸಿದಿರಿ ಎಂದು ಅಮ್ಮ ಇಬ್ಬರನ್ನೂ ಬೈಯುತ್ತಿದ್ದಳು. ಭುಜದ ಮೇಲೆ ದಾರ ಕೊಯ್ದು ಕೆಂಪಗೆ ಬಾಸುಂಡೆ ಏಳುತ್ತಿತ್ತು, ಅಪ್ಪ ಎಣ್ಣೆ ಸವರುತ್ತಿದ್ದರು. ಅಪ್ಪನ ಕೈ ಅವನ ಮೈಮೇಲೆ ಅಷ್ಟು ಹೊತ್ತು ಇದ್ದದ್ದು ಆ ದಿನಗಳಲ್ಲಿ ಮಾತ್ರ. ಆಮೇಲೆ ಕಡ್ಡಿ ಬಂದ. ಕಡ್ಡಿಗೆ ಎಷ್ಟು ಹೇಳಿಕೊಟ್ಟರೂ ಆ ತಿರುವು ಬರಲಿಲ್ಲ. ಕೊನೆಗೆ ಅಪ್ಪ, "ಅವನು ಮಾಡೋದನ್ನ ನೋಡಿ ಕಲಿ" ಎಂದು ಮಗನನ್ನು ಮುಂದೆ ಓಡಿಸಿದ್ದರು. ಕಡ್ಡಿ ನೋಡಿ ಕಲಿತ. ಹಾಗಾಗಿ ಅದು ಅಪ್ಪ ಕೊಟ್ಟದ್ದಲ್ಲ, ಅವನು ಕೊಟ್ಟದ್ದು. ಈಗ ಅದು ಯಾರದೋ ತೋಳಿನ ಹಿಂದೆ ಮುಚ್ಚಿಹೋಗಿತ್ತು. ಅದು ಗೆದ್ದಿತೋ ಸೋತಿತೋ ಯಾರಿಗೂ ತಿಳಿಯದೆ ಹೋಗುವುದರಲ್ಲಿತ್ತು.

ಮೇಡಂ ಚೀಟಿಗಳನ್ನು ಬಿಡಿಸಿದರು. "ಐದು, ಐದು, ಐದು. ಮೂರೂ ಒಂದೇ. ಬೋರ್ಡಿಗೆ ಹಾಕೋಣ್ವಾ?"

"ಹಾಕಿ ಮೇಡಂ, ಪಾಪ, ಕಾಯ್ತಿದ್ದಾರೆ," ಎಂದರು ಗಡಿಯಾರದವರು.

ಮೇಡಂ ಅವರ ಬೆರಳು ಗುಂಡಿಯ ಹತ್ತಿರ ಹೋಯಿತು. ಸುಮ್ಮನಿದ್ದರೆ ಮುಗಿಯಿತು. ಯಾರೂ ಅವನನ್ನು ಕೇಳುವ ಹಾಗಿರಲಿಲ್ಲ. ಕಡ್ಡಿ ಸೋಲಲಿ ಎಂದು ಈಗಲೂ ಮನಸ್ಸು ಕೂಗುತ್ತಿತ್ತು. ಆದರೆ ಭುಜ ತನ್ನದು. ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಅದನ್ನೂ ಬಿಟ್ಟುಕೊಡಲು ಅವನ ಹೊಟ್ಟೆಕಿಚ್ಚೇ ಒಪ್ಪಲಿಲ್ಲ.

"ಒಂದ್ನಿಮಿಷ ಮೇಡಂ. ಒಳಬದಿ ಕ್ಯಾಮೆರಾದ ಚಿತ್ರ ತೆಗೀರಿ."

"ಯಾಕೆ? ನೀವೂ ಐದು ಅಂತಾನೇ ಬರೆದಿದ್ದೀರಲ್ಲ?"

"ತಪ್ಪು ಬರೆದೆ. ನಾಲ್ಕನೇ ಲೇನಿನ ಭುಜ ಇದರಲ್ಲಿ ಕಾಣ್ತಿಲ್ಲ."

ಯಾರಾದರೂ ಅನುಮಾನ ಎತ್ತಿದರೆ ಮಾತ್ರ ನೋಡುವ ಎರಡನೇ ಚಿತ್ರ, ಮೈದಾನದ ಒಳಬದಿಯಿಂದ ತೆಗೆದದ್ದು, ಪರದೆಗೆ ಬಂತು. ಅದರಲ್ಲಿ ಕಡ್ಡಿಯೇ ಈಚೆಗೆ, ಮೈ ತಿರುಚಿ, ಎಡಭುಜ ಮುಂದೆ ಮಾಡಿಕೊಂಡು ನುಗ್ಗಿದ್ದ. ಥೇಟ್ ಕಂಬಗಳ ನಡುವಿನ ಓಟ. ಗೆರೆ ಮೇಷ್ಟ್ರು ಕೆಂಪು ಗೆರೆಯನ್ನು ತಂದು ಆ ಭುಜದ ತುದಿಗೆ ನಿಲ್ಲಿಸಿದ. ನಾಲ್ಕು, ಒಂದೇ ಒಂದು ಚೂರು ಮುಂದೆ.

"ಅಬ್ಬಾ, ಎಂಥ ಕಣ್ಣು ರೀ ನಿಮ್ಮದು!" ಎಂದರು ಗಡಿಯಾರದವರು. ಮೇಡಂ ಗುಂಡಿ ಒತ್ತಿದರು.

ಆಮೇಲೆ ಕೆಳಗೆ ನಡೆದದ್ದನ್ನು ಅವನು ಗಾಜಿನಿಂದ ಪೂರ್ತಿ ನೋಡಿದ. ಕಡ್ಡಿ ಕೋಚ್‌ಗಳ ಸಾಲಿನ ಮುಂದಿನ ಕಂಬಿ ಹತ್ತಿ ಅಪ್ಪನ ಕೊರಳಿಗೆ ಬಿದ್ದ. ಅಜ್ಜಿ ಸತ್ತಾಗಲೂ ಕಣ್ಣೀರು ಹಾಕದ ಮನುಷ್ಯ ಕಡ್ಡಿಯ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಇಟ್ಟದ್ದು ಎಡಭುಜದ ಮೇಲೆಯೇ. ಗೆರೆ ಮೇಷ್ಟ್ರಿಗೆ ಮೈ ಪರಚಿಕೊಳ್ಳುವಂತಾಯಿತು.

ಮೇಡಂ ಫಲಿತಾಂಶದ ಹಾಳೆಗೆ ಸಹಿ ಹಾಕಲು ಕೆಳಗೆ ಹೋದರು. ಹತ್ತು ನಿಮಿಷದ ಮೇಲೆ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಮೆಟ್ಟಿಲ ಮೇಲೆ ಅಪ್ಪ ನಿಂತಿದ್ದರು, ಏದುಸಿರು ಬಿಡುತ್ತ. ಹನ್ನೊಂದು ವರ್ಷದಲ್ಲಿ ಮಗ ಕೆಲಸ ಮಾಡುವ ಜಾಗಕ್ಕೆ ಅವರು ಬಂದದ್ದು ಇದೇ ಮೊದಲು. ಗೆರೆ ಮೇಷ್ಟ್ರು ಹೊರಗೆ ಬಂದು ಬಾಗಿಲು ಎಳೆದುಕೊಂಡ.

"ನಿಮ್ಮ ಮೇಡಂ ಹೇಳಿದ್ರು," ಎಂದರು ಅಪ್ಪ. "ಇನ್ನೊಂದು ಕ್ಯಾಮೆರಾದ ಚಿತ್ರ ತೆಗೀರಿ ಅಂದವನು ನೀನೇ ಅಂತೆ."

ಅವನು ಹೂಂ ಎಂದ. ಮೂವತ್ಮೂರು ವರ್ಷದ ಗಂಡಸು, ಒಂದು ಶಹಬ್ಬಾಸ್‌ಗೆ ಬಾಯಿ ಒಣಗಿಸಿಕೊಂಡು ನಿಂತಿದ್ದ.

ಅಪ್ಪ ಅವನ ಎರಡೂ ಕೈ ಹಿಡಿದುಕೊಂಡರು. "ನೀನು ಇಲ್ಲಿ ಕೂತಿದ್ದೀಯ ಅಂತ ಗೊತ್ತಿತ್ತು ಕಣೋ. ಬೋರ್ಡಿಗೆ ಹೆಸರು ಬರೋದು ತಡ ಆದಷ್ಟೂ ಜೀವ ಹೋಗಿ ಬಂದಂಗಾಯ್ತು. ಇವನೇನಾದ್ರೂ ನನ್ನ ಮೇಲಿನ ಸೇಡನ್ನ ಆ ಮಗು ಮೇಲೆ ತೀರಿಸ್ಕೊಂಡ್ರೆ ಏನಪ್ಪಾ ಗತಿ ಅಂತ... ನೀನು ಹಾಗೆ ಮಾಡ್ಲಿಲ್ಲ."

ಗೆರೆ ಮೇಷ್ಟ್ರು ಕೈ ಬಿಡಿಸಿಕೊಂಡ.

"ಹಾಗಾದ್ರೆ ನಿಮಗೆ ಗೊತ್ತಿತ್ತು."

"ಏನು?"

"ನನಗೆ ಸೇಡು ತೀರಿಸ್ಕೊಳ್ಳೋ ಅಷ್ಟು ನೋವಾಗಿದೆ ಅಂತ."

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು. "ಗೊತ್ತಿತ್ತು," ಎಂದರು ಕೊನೆಗೆ. "ಮೊದಲನೇ ದಿನದಿಂದ್ಲೂ ಗೊತ್ತಿತ್ತು."

ಅಪ್ಪನಿಗೆ ತನ್ನ ನೋವು ತಿಳಿಯಲೇ ಇಲ್ಲ, ಓಟ ಬಿಟ್ಟರೆ ಅವರಿಗೆ ಬೇರೇನೂ ಕಾಣದು ಎಂದು ಅವನು ಹದಿನಾಲ್ಕು ವರ್ಷ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಅದೂ ಹೋಯಿತು.

ಕೆಳಗಿನಿಂದ ಪದಕ ಪ್ರದಾನದ ಘೋಷಣೆ ಕೇಳಿಸಿತು. ಅಪ್ಪ ಏನೋ ಹೇಳಲು ಬಾಯಿ ತೆರೆದರು. ಆದರೆ ಅವರ ಒಂದು ಕಾಲು ಆಗಲೇ ಕೆಳಗಿನ ಮೆಟ್ಟಿಲಿಗೆ ಇಳಿದಿತ್ತು. ಅವರಿಗೆ ಅದು ಗೊತ್ತಾಗಲಿಲ್ಲ, ಮಗನಿಗೆ ಕಂಡಿತು.

"ಹೋಗಿ," ಎಂದ. "ನಿಮಗೋಸ್ಕರ ಕಾಯ್ತಿರ್ತಾನೆ."

"ಆಮೇಲೆ ಬರ್ತೀನಿ ಕಣೋ. ಕೂತು ಮಾತಾಡೋಣ," ಎನ್ನುತ್ತಲೇ ಅಪ್ಪ ಇಳಿದರು. ಅರವತ್ತಾರರ ಮನುಷ್ಯ, ಕಂಬಿ ಹಿಡಿಯದೆ ದಡದಡ ಇಳಿದುಹೋದರು.

ಗೆರೆ ಮೇಷ್ಟ್ರು ಒಳಗೆ ಬಂದು ಕುರ್ಚಿಯಲ್ಲಿ ಕೂತ. ಮುಂದಿನ ಓಟಕ್ಕೆ ನಾಲ್ಕು ನಿಮಿಷವಿತ್ತು. ಮೂರು ಚೀಟಿಗಳು ಮೇಜಿನ ಮೇಲೆ ಇನ್ನೂ ಬಿಡಿಸಿಕೊಂಡೇ ಬಿದ್ದಿದ್ದವು. ಐದು ಎಂದು ಬರೆದದ್ದನ್ನು ಹಾಗೇ ಬಿಟ್ಟುಬಿಡಬೇಕಿತ್ತು ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.