ಕರ್ತನ ಭೋಜನಕ್ಕೆ ತಡೆಯಾದವನು

ಹೇಳಿದರೆ ತನ್ನ ಮಾನ ಹೋಗುತ್ತದೆ. ಹೇಳದಿದ್ದರೆ ಹೆಣ ಗೋಡೆಯಾಚೆ ಹೋಗುತ್ತದೆ, ಅಷ್ಟೇ ತಾನೆ? ಸತ್ತವನಿಗೆ ಗೋಡೆಯ ಈಚೆಯೇನು, ಆಚೆಯೇನು? ಚಂದ್ರಮೋಹನ್ ಮೇಷ್ಟ್ರು ಇಷ್ಟು ಯೋಚಿಸುವಷ್ಟರಲ್ಲಿ ಅಯ್ಯನವರು ಎರಡನೆಯ ಸಲ ಕೇಳಿದರು.

"ಮುನಿರಾಮಪ್ಪನವರ ಮೇಲಿನ ತಡೆ ಇನ್ನೂ ಇದೆಯಾ ಮೇಷ್ಟ್ರೇ? ಇದ್ರೆ ಸಭೆಯ ಸಮಾಧಿ ತೋಟದಲ್ಲಿ ಇಡೋ ಹಾಗಿಲ್ಲ. ಕಾಂಪೌಂಡಿನ ಆಚೆ ಇಡಬೇಕಾಗುತ್ತೆ."

ಕದಿರೇಶ್ ಅಯ್ಯನವರು ಪಾದ್ರಿಯಾಗಿ ಈ ಕ್ರೈಸ್ತ ಸಭೆಗೆ ಬಂದು ನಾಲ್ಕೇ ತಿಂಗಳಾಗಿತ್ತು. ಹಳೆಯದೇನೂ ಅವರಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಇಪ್ಪತ್ತೆರಡು ವರ್ಷದಿಂದ ಸಭೆಯ ಹಿರಿಯರು, ನಡಾವಳಿ ಪುಸ್ತಕ ಅವರ ಮನೆಯ ಬೀರುವಿನಲ್ಲೇ ಇರುತ್ತಿತ್ತು.

"ಪುಸ್ತಕ ನೋಡಿ ಹೇಳ್ಬೇಕು," ಎಂದರು ಮೇಷ್ಟ್ರು. ನೋಡಬೇಕಾದ್ದೇನೂ ಇರಲಿಲ್ಲ. ಆ ಪುಟ ಅವರಿಗೆ ಬಾಯಿಪಾಠವಾಗಿತ್ತು.

ರೇಷ್ಮೆ ಹುಳು ಸಾಕುವ ಮನೆಯ ಮುಂದೆ ಶಾಮಿಯಾನ ಹಾಕಿ, ಅದರ ಕೆಳಗೆ ಮುನಿರಾಮಪ್ಪನನ್ನು ಮಲಗಿಸಿದ್ದರು. ಬಿಳಿ ಪಂಚೆ, ಎದೆಯ ಮೇಲೆ ಯಾರೋ ಇಟ್ಟ ಸತ್ಯವೇದ. ಬದುಕಿದ್ದಾಗ ಆ ಪುಸ್ತಕದಲ್ಲಿ ಹತ್ತು ಪುಟ ಓದಿದವನಲ್ಲ ಎಂದುಕೊಂಡರು ಮೇಷ್ಟ್ರು. ದೀಕ್ಷಾಸ್ನಾನದ ದಿನ ಯೋನ ಎಂದು ಹೆಸರಿಟ್ಟರೂ ಸಾಯುವ ತನಕ ಮುನಿರಾಮಪ್ಪ ಎಂದೇ ಸಹಿ ಹಾಕಿದ ಮನುಷ್ಯ.

"ಶನಿವಾರ ಹೆಂಡ, ಭಾನುವಾರ ಕಣ್ಣೀರು," ಎಂದಳು ಗಾಯನ ತಂಡದ ಶೋಭಾರಾಣಿ, ಪಕ್ಕದ ಸುನಂದಳ ಕಿವಿಯಲ್ಲಿ. "ಇವನ ಪಶ್ಚಾತ್ತಾಪಕ್ಕೇ ಒಂದು ರಿಜಿಸ್ಟರ್ ಬೇಕಿತ್ತು ಕಣೇ."

"ಹಾಡೋವಾಗ್ಲೂ ಒಂದು ಸಾಲು ಹಿಂದೇನೇ. ನಾವೆಲ್ಲ ಆಮೆನ್ ಅಂದು ಕೂತ್ಮೇಲೆ ಇವನದೊಂದು ಆಮೆನ್."

"ಶ್! ಮುನಿಯಲ್ಲಮ್ಮ ನೋಡ್ತವ್ಳೆ."

ಮುನಿಯಲ್ಲಮ್ಮ ಗಂಡನ ತಲೆಯ ಬಳಿ ಕೂತು ನೊಣ ಓಡಿಸುತ್ತಿದ್ದಳು. ಅಷ್ಟರಲ್ಲಿ ಸತ್ತವನ ಅಣ್ಣನ ಮಗ ವೆಂಕಟ್ ಗುದ್ದಲಿ ಹಿಡಿದು ಬಂದ. ಅವನ ಮನೆಯವರು ಯಾರೂ ಸಭೆಗೆ ಸೇರಿದವರಲ್ಲ.

"ಏಮಿ ಸಾರ್, ನಿಮ್ ದೇವ್ರತ್ರ ಜಾಗ ಇಲ್ವಂತೆ? ಬಿಡಿ. ನಮ್ ಹಿಪ್ಪುನೇರಳೆ ತೋಟದ ಬದೂನಲ್ಲಿ ಗುಂಡಿ ತೆಗೀತೀನಿ. ನಮ್ ತಾತ, ನಮ್ಮಪ್ಪ ಎಲ್ಲಾ ಅಲ್ಲೇ ಮಲಗವ್ರೆ. ಅಲ್ಲಿ ಯಾರೂ ಪುಸ್ತಕ ನೋಡಲ್ಲ."

"ಲೇ ವೆಂಕಟ, ಬಾಯ್ಮುಚ್ಚೋ," ಎಂದಳು ಮುನಿಯಲ್ಲಮ್ಮ. "ಸಭೆಯವ್ರ ಜೊತೇಲೇ ಇಡು ಅಂದವ್ರೆ ನಿಮ್ ಚಿಕ್ಕಪ್ಪ. ಅಲ್ಲೇ ಇಡ್ಬೇಕು." ಆಮೇಲೆ ಮೇಷ್ಟ್ರ ಕಡೆ ನೋಡಿದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ. ಕೋಲಾರದ ಬಸ್ಸು ಎಷ್ಟೊತ್ತಿಗೆ ಎಂದು ತಿಳಿದವರನ್ನು ಕೇಳುವವಳ ಹಾಗೆ ನೋಡಿದಳು.

*

ಹನ್ನೊಂದು ವರ್ಷದ ಹಿಂದೆ, ಮನೆ ಪ್ರಾರ್ಥನೆಗೆಂದು ಹಳೆಯ ಅಯ್ಯನವರೂ ಮೇಷ್ಟ್ರೂ ಇದೇ ಹುಳುಮನೆಗೆ ಬಂದಿದ್ದರು. ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಬಾಗಿಲ ಮೇಲೆ ಗರಿಗಳ ಭಾನುವಾರ ಸಭೆಯಲ್ಲಿ ಕೊಟ್ಟ ತೆಂಗಿನ ಗರಿಯ ಶಿಲುಬೆ. ಅದರ ಕೆಳಗೇ ದಾರದಲ್ಲಿ ಪೋಣಿಸಿದ ನಿಂಬೆಹಣ್ಣು, ಮೆಣಸಿನಕಾಯಿ. ಹೊಸ್ತಿಲಿಗೆ ಕುಂಕುಮ.

"ಇದೇನಯ್ಯ ಇದು?"

"ಹಿಂದಿನ ಬೆಳೆ ಸುಣ್ಣಕಟ್ಟು ರೋಗ ಬಂದು ಪೂರ್ತಿ ಹೋಯ್ತು ಸಾರ್."

"ಶಿಲುಬೆ ಒಂದು ಸಾಲ್ದಾ ನಿನಗೆ?"

"ನನಗ್ ಸಾಲ್ತದೆ ಸಾರ್. ಹುಳಕ್ಕೇನ್ ಗೊತ್ತು, ಅವು ಇನ್ನೂ ಸಭೆಗೆ ಸೇರಿಲ್ವಲ್ಲ."

ಹಳೆಯ ಅಯ್ಯನವರು ನಕ್ಕುಬಿಟ್ಟರು. ಮೇಷ್ಟ್ರಿಗೆ ನಿಂಬೆಹಣ್ಣಿಗಿಂತ ಆ ನಗೆಯೇ ಚುಚ್ಚಿತು. ಸಮಿತಿ ಕರೆಸಿ, ವಾದಿಸಿ, ಅವನನ್ನು ಕರ್ತನ ಭೋಜನದಿಂದ, ಅಂದರೆ ತಿಂಗಳಿಗೊಮ್ಮೆ ಸಭೆಯಲ್ಲಿ ಹಂಚುವ ಪವಿತ್ರ ರೊಟ್ಟಿಯಿಂದ, ತಡೆಹಿಡಿಯುವ ತೀರ್ಮಾನ ಮಾಡಿಸಿದರು. ಉಳಿದವರು ಆರು ತಿಂಗಳು ಸಾಕೆಂದರು, ಪುಸ್ತಕದಲ್ಲೂ ಹಾಗೇ ಬರೆದಾಯಿತು. ಅವಧಿಯನ್ನು ಅವನಿಗೆ ಖಾಸಗಿಯಾಗಿ ತಿಳಿಸುವ ಕೆಲಸ ಮೇಷ್ಟ್ರಿಗೆ ಬಂತು. ಭಾನುವಾರ ಎಲ್ಲರೆದುರು ತಡೆಯನ್ನಷ್ಟೇ ಓದಿದರು. ಅವಧಿಯನ್ನು, ಅವನು ಮನೆ ಬಾಗಿಲಿಗೆ ಬಂದು ಕೇಳಲಿ, ಆಗ ಹೇಳೋಣ ಎಂದುಕೊಂಡರು.

ಅವನು ಬರಲಿಲ್ಲ. ಆರು ತಿಂಗಳು ಕಳೆಯಿತು. ತಾವಾಗಿಯೇ ಹೋಗಿ ಆ ಕುಡುಕನಿಗೆ ಹೇಳುವುದೇ? ಇನ್ನಷ್ಟು ಕಾಯಲಿ ಎನಿಸಿತು. ವರ್ಷವಾದ ಮೇಲೆ, ಹೇಳಿದರೆ ಯಾಕೆ ತಡವಾಯಿತೆಂದೂ ಹೇಳಬೇಕಾಗುತ್ತಿತ್ತು. ಅವನು ಇನ್ನೂ ರೊಟ್ಟಿ ತೆಗೆದುಕೊಳ್ಳದ್ದನ್ನು ಉಳಿದವರು ಅವನದೇ ಪಶ್ಚಾತ್ತಾಪವೆಂದುಕೊಂಡರು. ಅಯ್ಯನವರಿಗೆ ವರ್ಗವಾಯಿತು. ಸಮಿತಿಯ ಇಬ್ಬರು ತೀರಿಕೊಂಡರು. ಮೂರನೆಯವರು ಮಾಲೂರಿನ ಮಗಳ ಮನೆಯಲ್ಲಿ, ಮಗಳ ಗುರುತೂ ಸಿಗದ ಸ್ಥಿತಿಯಲ್ಲಿದ್ದರು.

ಮುನಿರಾಮಪ್ಪ ಮಾತ್ರ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಕೊನೆಯ ಬೆಂಚು. ತಿಂಗಳ ಮೊದಲ ಭಾನುವಾರ ರೊಟ್ಟಿಯ ತಟ್ಟೆ ತನ್ನ ಬಳಿ ಬಂದಾಗ ಎರಡು ಕೈಯಲ್ಲಿ ಹಿಡಿದು, ಒಂದು ಚೂರೂ ಬೀಳದಂತೆ ಪಕ್ಕದವನಿಗೆ ದಾಟಿಸುತ್ತಿದ್ದ. ನಾಲ್ಕನೆಯ ವರ್ಷ ಒಂದೇ ಒಂದು ಸಲ, ಚಪ್ಪಲಿ ಹುಡುಕುತ್ತಿದ್ದ ಮೇಷ್ಟ್ರ ಹತ್ತಿರ ಬಂದು ಕೇಳಿದ್ದ.

"ಇನ್ನೂ ಆಗಿಲ್ವಾ ಸಾರ್?"

"ದೇವರಿಗೆ ಗೊತ್ತಿದೆ, ಯಾವಾಗ ಆಗ್ಬೇಕೂಂತ."

"ಆಯ್ತು ಸಾರ್. ಆಯಪ್ಪ ನನ್ನ ಇಷ್ಟು ವರ್ಷ ತಾಳ್ಕೊಂಡವ್ನೆ. ನಾನು ತಾಳ್ಕೊಳ್ಳೋದೇನು ದೊಡ್ಡದು?"

ಅವನ ಬಾಯಿಂದ ಹೆಂಡದ ವಾಸನೆ ಬರುತ್ತಿತ್ತು. ಅದನ್ನೇ ಹಿಡಿದುಕೊಂಡು ಮೇಷ್ಟ್ರು ಇನ್ನೂ ಏಳು ವರ್ಷ ನೆಮ್ಮದಿಯಾಗಿದ್ದರು.

*

"ಬಿಸಿಲೇರ್ತಾ ಇದೆ ಮೇಷ್ಟ್ರೇ," ಎಂದರು ಕದಿರೇಶ್ ಅಯ್ಯನವರು. "ಪುಸ್ತಕ ತರಿಸೋಣ್ವಾ?"

"ಬೇಡ."

ಮೇಷ್ಟ್ರು ಶಾಮಿಯಾನದ ಕೆಳಗೆ ಬಂದು ನಿಂತರು. ಗಂಟಲು ಸರಿಮಾಡಿಕೊಂಡರು. ನಲವತ್ತು ವರ್ಷ ಪಾಠ ಹೇಳಿದ ದನಿ ತಾನಾಗಿ ಬಂತು.

"ತಡೆ ಇತ್ತು, ನಿಜ. ಈ ಮನುಷ್ಯ ಬಲಹೀನನಾಗಿದ್ದ. ಬೀಳ್ತಿದ್ದ, ಏಳ್ತಿದ್ದ, ಮತ್ತೆ ಬೀಳ್ತಿದ್ದ. ಆದರೆ ನಮ್ಮ ದೇವರು ದೀರ್ಘಶಾಂತನು. ಆತನೇ ಸಹಿಸಿಕೊಂಡ ಮೇಲೆ ನಾನ್ಯಾರು? ಸಭೆಯ ಹಿರಿಯನಾಗಿ ಈ ತಡೆಯನ್ನ ಇವತ್ತು ತೆಗೀತಾ ಇದ್ದೀನಿ. ಇವನನ್ನ ನಮ್ಮವರ ನಡುವೆಯೇ ಇಡೋಣ."

"ಎಷ್ಟು ದೊಡ್ಡ ಮನಸ್ಸು!" ಎಂದಳು ಶೋಭಾರಾಣಿ, ಈ ಸಲ ಎಲ್ಲರಿಗೂ ಕೇಳುವಂತೆ. ಯಾರೋ "ಸ್ತೋತ್ರ" ಎಂದರು. ಅಯ್ಯನವರು ಮೇಷ್ಟ್ರ ಕೈ ಹಿಡಿದು, ಇಂಥ ಹಿರಿಯರಿರುವ ಸಭೆಗೆ ಬಂದದ್ದು ತಮ್ಮ ಭಾಗ್ಯ ಎಂದರು. ಮೇಷ್ಟ್ರು ತಲೆ ತಗ್ಗಿಸಿದರು. ನೋಡಿದವರಿಗೆ ಅದೂ ವಿನಯವಾಗಿಯೇ ಕಂಡಿತು.

ವೆಂಕಟ್ ಪಕ್ಕಕ್ಕೆ ಉಗಿದ. "ಸತ್ತೋನಿಗೆ ಪರ್ಮಿಷನ್ನು!" ಎಂದು ಗುದ್ದಲಿಯನ್ನು ಹೆಗಲಿಗೇರಿಸಿ ಸಮಾಧಿ ತೋಟದ ಕಡೆ ಹೊರಟ.

ಹನ್ನೆರಡರ ಹೊತ್ತಿಗೆ ಎಲ್ಲ ಮುಗಿಯಿತು. ಜನ ಮೂರು ಹಿಡಿ ಮಣ್ಣು ಹಾಕಿ, ಕೈ ಒರೆಸಿಕೊಂಡು, ಮಾವಿನ ಹೂವಿನ ಮಾತಾಡುತ್ತಾ ಚದುರಿದರು. ಗೇಟಿನ ಬಳಿ ಮುನಿಯಲ್ಲಮ್ಮ ಮೇಷ್ಟ್ರಿಗಾಗಿ ನಿಂತಿದ್ದಳು. ಸೆರಗನ್ನು ಹೊದ್ದು ಎರಡೂ ಕೈ ಮುಗಿದಳು.

"ನಿಮ್ ಉಪಕಾರ ಮರೆಯಲ್ಲ ಸಾರ್. ಅವ್ರು ಇದ್ದಿದ್ರೆ ಎಷ್ಟು ಸಂತೋಷ ಪಡೋರೋ."

"ಇರಲಿ ಬಿಡಮ್ಮ."

"ಒಂದ್ ಮಾತು ಕೇಳ್ಲಾ ಸಾರ್? ಅವ್ರಿಗೆ ತಡೆ ಆದಾಗ್ಲಿಂದ ನಾನೂ ರೊಟ್ಟಿ ಮುಟ್ಟಿಲ್ಲ. ಅವ್ರನ್ನ ಹಿಂದೆ ಕೂರ್ಸಿ ನಾನ್ ಹೆಂಗ್ ತಿನ್ಲಿ? ಹಂಗೇ ಪಕ್ಕದೋರಿಗೆ ಕೊಟ್ಬಿಡ್ತಿದ್ದೆ." ಅವಳು ಕಣ್ಣೊರೆಸಿಕೊಳ್ಳಲಿಲ್ಲ. "ಈಗ ತಡೆ ತೆಗ್ದ್ರಲ್ಲ. ಬರೋ ತಿಂಗಳಿಂದ ನಾನು ತಗೋಬೋದಾ?"

ಹನ್ನೊಂದು ವರ್ಷವೂ ಹೆಂಗಸರ ಸಾಲಿಗೆ ತಟ್ಟೆ ಹಿಡಿದವರು ಮೇಷ್ಟ್ರೇ. ಅವರು ಒಮ್ಮೆಯೂ ನೋಡಿರಲಿಲ್ಲ.

"ತಗೋಬಹುದಮ್ಮ," ಎಂದರು.

ಅವಳು ಇನ್ನೊಮ್ಮೆ ಕೈ ಮುಗಿದು ಹೋದಳು. ಆ ತಡೆ ಆರೇ ತಿಂಗಳದ್ದಾಗಿತ್ತೆಂದು ಚಂದ್ರಮೋಹನ್ ಮೇಷ್ಟ್ರು ಅವಳಿಗೆ ಹೇಳಲಿಲ್ಲ.