ಕಸದ ಜೊತೆ ಅಳಿಸಿಹೋದ ದೂರು

ಸ್ಫಾಕ್ಸ್ ಊರಿನ ವಹೀಬಾಳಿಗೆ ಭಾನುವಾರ ಬೆಳಗಾದರೆ ಕಸ ತೆಗೆಯುವ ಕೆಲಸ. ಮನೆಯದಲ್ಲ, ಕಂಪ್ಯೂಟರಿನದು. ಕಣ್ಣು ಕಾಣದವರಿಗೆ ಬರಹ ಓದಿ ಹೇಳುವ ತಂತ್ರಾಂಶವೊಂದನ್ನು ಅವಳೂ ಗೆಳತಿಯರೂ ಸೇರಿ ಮಾಡಿ, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಬಿಟ್ಟಿದ್ದರು. ಅದರ ತಪ್ಪುಗಳನ್ನು ತಿಳಿಸುವ ಪುಟಕ್ಕೆ ಲಾಗಿನ್ ಇರಲಿಲ್ಲ. ದೂರಿಗಿಂತ ಜೂಜಿನ ಜಾಹೀರಾತುಗಳೇ ಬಂದು ಬೀಳುತ್ತಿದ್ದವು. ಹೆಸರಿಲ್ಲದ ತುಂಡು ಸಾಲುಗಳನ್ನೆಲ್ಲ ಅವಳು ಒಟ್ಟಿಗೆ ಅಳಿಸಿಬಿಡುತ್ತಿದ್ದಳು.

ಆ ಭಾನುವಾರ ನೆರೆಮನೆಯ ದಲಂದಾ ಬಂದಳು. ಅವಳಿಗೆ ಕಣ್ಣು ಕಾಣದು. ತಾಯಿಯ ಗುಳಿಗೆ ಅರ್ಧ ಎನ್ನುವುದನ್ನು ವೈದ್ಯರು ಇಲ್ಲಿನ ರೂಢಿಯಂತೆ ದಶಾಂಶದ ಚುಕ್ಕೆಯ ಬದಲು ಅಲ್ಪವಿರಾಮ ಹಾಕಿ '0,5' ಎಂದು ಬರೆದಿದ್ದರು. ತಂತ್ರಾಂಶ ಆ ಅಲ್ಪವಿರಾಮವನ್ನು ನುಂಗಿ 'ಐದು' ಎಂದಿತ್ತು. ಅನುಮಾನ ಬಂದು ಔಷಧಿ ಅಂಗಡಿಯಲ್ಲಿ ಕೇಳಿದ್ದರಿಂದ ತಾಯಿ ಉಳಿದಳು.

"ಮೊದಲೇ ಯಾರೂ ಹೇಳಿರಲಿಲ್ಲವೇನೇ?" ದಲಂದಾ ಕೇಳಿದಳು.

ವಹೀಬಾ ಅಳಿಸಿದ್ದನ್ನೆಲ್ಲ ಮತ್ತೆ ತೆರೆದು ಹುಡುಕಿದಳು. ಜಾಹೀರಾತುಗಳ ನಡುವೆ ಒಂದು ಸಾಲು ಸಿಕ್ಕಿತು: 'ಅರ್ಧಕ್ಕೆ ಐದು ಅಂತ ಓದುತ್ತಿದೆ. ನಮ್ಮ ಯಜಮಾನರ ಗುಳಿಗೆ.' ಹೆಸರಿಲ್ಲ, ವಿಳಾಸವಿಲ್ಲ. ಅಳಿಸಿದ್ದು ಅವಳದೇ ಬೆರಳು.

ಲಾಗಿನ್ ಇಡು ಎಂದು ದಲಂದಾ ಹಿಂದೆಯೂ ಹೇಳಿದ್ದಳು. ಬಂದವರ ಮುಂದೆ ಬಾಗಿಲು ಹಾಕಿದ ಹಾಗಾಗುತ್ತದೆ ಎಂದು ವಹೀಬಾ ಒಪ್ಪಿರಲಿಲ್ಲ. ಲಾಗಿನ್ ಆಗಲು ಸೊಟ್ಟ ಅಕ್ಷರದ ಚಿತ್ರ ಗುರುತಿಸಿ ಎಂದರೆ ಕಣ್ಣಿಲ್ಲದವರು ಏನು ಮಾಡಬೇಕು? ಸ್ವಂತ ಇಮೇಲ್ ಇಲ್ಲದ ಹೆಂಗಸರು? ಇವತ್ತೂ ಅದನ್ನೇ ಹೇಳಿದಳು, ಸ್ವಲ್ಪ ಮೆಲ್ಲಗೆ.

"ಚಿತ್ರ ಯಾರು ಕೇಳಿದ್ರೇ? ಒಂದು ಹೆಸರು, ಒಂದು ಇಮೇಲ್ ಕೇಳು, ಸಾಕು. ಅದೂ ಇಲ್ಲದವರು ನನಗೆ ಫೋನ್ ಮಾಡ್ಲಿ, ನಾನು ಬರೆದು ಹಾಕ್ತೀನಿ. ಹೇಗೂ ಮಾತಾಡೋಕೆ ಜನ ಬೇಕು ನಂಗೆ ಅಂತ ನೀನೇ ಆಡ್ಕೋತೀಯಲ್ಲ." ದಲಂದಾ ಮತ್ತೆ ಕೇಳಿದಳು, "ಈಗ ಆ ಹೆಂಗಸನ್ನ ಕರೆದು ವಿಚಾರಿಸೋಕೆ ನಿನ್ನ ಹತ್ರ ಏನಿದೆ ಹೇಳು."

ವಹೀಬಾಳ ಬಳಿ ಏನೂ ಇರಲಿಲ್ಲ. ತನ್ನ ಔದಾರ್ಯಕ್ಕೆ ತಾನು ತೆತ್ತದ್ದು ಭಾನುವಾರದ ಬೆಳಗು ಮಾತ್ರ. ಉಳಿದದ್ದನ್ನು ಯಾರು ತೆತ್ತರೋ ಎಂದು ಅವಳಿಗೆ ಅನ್ನಿಸಿತು.

ಸಂಜೆಯೊಳಗೆ ತಪ್ಪು ತಿದ್ದಿ, ಲಾಗಿನ್ ಇಟ್ಟು, ದಲಂದಾಳ ಫೋನ್ ನಂಬರನ್ನೂ ಹಾಕಿದಳು. ಜಾಹೀರಾತುಗಳು ಬಹುಪಾಲು ನಿಂತವು. ಈಗ ಪ್ರತಿ ದೂರನ್ನೂ ಪೂರ್ತಿ ಓದುತ್ತಾಳೆ, ಬರೆದವರಿಗೆ ಉತ್ತರಿಸುತ್ತಾಳೆ. ಪುಟದ ಮೇಲ್ಗಡೆ ಒಂದು ಸಾಲು ಬರೆದಿಟ್ಟಿದ್ದಾಳೆ: 'ಗುಳಿಗೆಯ ಬಗ್ಗೆ ತಿಳಿಸಿದ ತಾಯಿ, ನೀವು ಹೇಳಿದ್ದು ಸರಿ. ನಿಮ್ಮ ಯಜಮಾನರು ಹೇಗಿದ್ದಾರೆ?' ಇನ್ನೂ ಉತ್ತರ ಬಂದಿಲ್ಲ.

ನೀವು ಇಂಥ ಪುಟ ನಡೆಸುವವರಾದರೆ ಲಾಗಿನ್ ಇಡಿ, ಎಲ್ಲರ ಕೈಗೂ ಎಟುಕುವಷ್ಟು ಸುಲಭವಾಗಿಡಿ. ದೂರು ಕೊಡುವವರಾದರೆ, ಎರಡು ನಿಮಿಷದ ತೊಂದರೆ ಎನ್ನದೆ ಹೆಸರು ಹೇಳಿ ಕೊಡಿ. ನಿಮ್ಮನ್ನು ತಿರುಗಿ ಕೇಳಬೇಕಾಗಿ ಬರಬಹುದು.