ಬಿಳಿ ಕಾರು ಅಡ್ಡ ಬಂದಾಗ

ಇಂಡಿಕೇಟರ್ ಹಾಕದೆ ಲೇನ್ ಬದಲಾಯಿಸುವವರನ್ನು ನಾನು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ವೇಗವಾಗಿ ಹೋಗುವವರಿಗೆಂದೇ ಇರುವ ಎಡಗಡೆಯ ಲೇನಿನಲ್ಲಿ ಮದುವೆ ದಿಬ್ಬಣ ಹೊರಟ ಹಾಗೆ ನಿಧಾನಕ್ಕೆ ಹೋಗಿ ಹಿಂದೆ ನೂರು ಕಾರು ಸೇರಿಸಿಕೊಳ್ಳುವವರು, ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ಕೈತಪ್ಪುತ್ತದೆಂದು ಮೂರು ಲೇನ್ ಅಡ್ಡ ಹಾಯುವವರು, ಬೆನ್ನಿಗೆ ಅಂಟಿಕೊಂಡೇ ಬರುವವರು, ತೊಡೆಯ ಮೇಲೆ ಫೋನ್ ಇಟ್ಟುಕೊಂಡು ಒಬ್ಬೊಬ್ಬರೇ ನಗುವವರು. ಹದಿನಾರು ವರ್ಷದಿಂದ ಕೆನ್ಮೋರ್‌ನ ಮನೆಯಿಂದ ಬೆಲ್ವ್ಯೂನ ಆಫೀಸಿಗೆ 405 ಎಂಬ ಹೆದ್ದಾರಿಯ ಮೇಲೆ ಓಡಾಡುತ್ತಿದ್ದೇನೆ. ನನ್ನ ನೆಂಟರಿಗಿಂತ ಇವರ ಗುಣ ನನಗೆ ಚೆನ್ನಾಗಿ ಗೊತ್ತು.

ಈ ದೇಶದ ಜನ ಹಾರನ್ ಮಾಡುವುದಿಲ್ಲ. ಯಾರು ಏನೇ ಮಾಡಲಿ, ಸಿಟ್ಟು ನುಂಗಿಕೊಂಡು ಕಾಫಿ ಕುಡಿಯುತ್ತಾರೆ. ನಾನು ಮದ್ದೂರಿನವನು, ನುಂಗಿ ಅಭ್ಯಾಸವಿಲ್ಲ. ಕಿಟಕಿ ಏರಿಸಿಕೊಂಡು ಕನ್ನಡದಲ್ಲಿ ಬೈಯುತ್ತೇನೆ. ಬೈಸಿಕೊಂಡವನಿಗೆ ಕೇಳಿಸುವುದಿಲ್ಲ, ಕೇಳಿಸಿದರೂ ತಿಳಿಯುವುದಿಲ್ಲ, ನನಗೆ ಎದೆ ಹಗುರ. ಇದರಿಂದ ಯಾರಿಗೂ ಏನೂ ನಷ್ಟವಿಲ್ಲವೆಂದೇ ಇಷ್ಟು ವರ್ಷ ನಂಬಿದ್ದೆ.

ಎರಡು ವರ್ಷದ ಹಿಂದೆ ಕಾರಿನ ಮುಂದಿನ ಗಾಜಿಗೆ ಒಂದು ಕ್ಯಾಮೆರಾ ಅಂಟಿಸಿದೆ. ಯಾರಾದರೂ ಅಡ್ಡಾದಿಡ್ಡಿ ನುಗ್ಗಿದರೆ ಒಂದು ಗುಂಡಿ ಒತ್ತಿದರಾಯಿತು, ಆ ಒಂದು ನಿಮಿಷದ ವಿಡಿಯೋ ಬೇರೆಯಾಗಿ ಫೋನಿಗೆ ಬಂದು ಕೂರುತ್ತದೆ. ವಾರಕ್ಕೊಂದನ್ನು ಆರಿಸಿ ಈ ಕಡೆಯ ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಿದ್ದೆ. ಗುಂಪಿನಲ್ಲಿ ನನ್ನನ್ನೂ ನನ್ನ ಹೆಂಡತಿಯನ್ನೂ ಬಿಟ್ಟು ಇನ್ನೂರ ಹನ್ನೆರಡು ಜನ. ಅವರಲ್ಲಿ ಕೇಶವ ಎಂಬ ಗೆಳೆಯ ನನಗೆ ಆರ್‌ಟಿಓ ಸಾಹೇಬರು ಎಂದು ಹೆಸರಿಟ್ಟಿದ್ದ. ಭಾನುವಾರ ಸ್ವಲ್ಪ ತಡವಾದರೆ, 'ಈ ವಾರದ ಕೇಸ್ ಎಲ್ಲಿ ಸಾಹೇಬ್ರೇ?' ಎಂದು ಕೇಳುವವರಿದ್ದರು. ನನಗೂ ಅದರಲ್ಲಿ ಒಂದು ಹೆಮ್ಮೆ. ಒಂದು ಎಚ್ಚರ ಮಾತ್ರ ಇಟ್ಟುಕೊಂಡಿದ್ದೆ: ಹಾಕುವ ಮೊದಲು ವಿಡಿಯೋದ ಸದ್ದು ತೆಗೆದುಬಿಡುತ್ತಿದ್ದೆ. ಗುಂಪಿನಲ್ಲಿರುವವರಿಗೆಲ್ಲ ಕನ್ನಡ ಬರುತ್ತದೆ ನೋಡಿ.

ನನ್ನ ಹೆಂಡತಿ ಅನುಶ್ರೀ ಕಾರು ಓಡಿಸುತ್ತಿರಲಿಲ್ಲ. ಮನೆಯಿಂದ ಎಂಟು ನಿಮಿಷ ನಡೆದರೆ ಅವಳು ಕೆಲಸ ಮಾಡುವ ಮಾಂಟೆಸ್ಸರಿ ಶಾಲೆ ಸಿಗುತ್ತದೆ. ಮಿಕ್ಕದ್ದಕ್ಕೆ ಬಸ್ಸು ಇದೆ, ನಾನಿದ್ದೇನೆ. ಹನ್ನೊಂದು ವರ್ಷದ ಹಿಂದೆ ನಾನೇ ಎರಡು ದಿನ ಪಕ್ಕದಲ್ಲಿ ಕೂತು ಕಲಿಸಿದ್ದೆ. ಮೂರನೆಯ ದಿನ ಅವಳು ಕೀ ತಂದು ಮೇಜಿನ ಮೇಲಿಟ್ಟು, 'ನಂಗೆ ಬಸ್ಸೇ ಸಾಕು ರೀ' ಎಂದಳು. ಆ ಎರಡು ದಿನ ನಾನು ಅವಳನ್ನು ಒಂದು ಮಾತೂ ಅಂದಿರಲಿಲ್ಲ. ಬೈದಿದ್ದೆಲ್ಲ ಅಕ್ಕಪಕ್ಕದ ಕಾರಿನವರನ್ನು. ಪುಕ್ಕಲಿ, ಇವಳ ಕೈಲಿ ಆಗುವ ಕೆಲಸವಲ್ಲ ಎಂದುಕೊಂಡು ಸುಮ್ಮನಾದೆ.

ಕಳೆದ ತಿಂಗಳು ಒಂದು ಶುಕ್ರವಾರ ಸಂಜೆ ನಾವಿಬ್ಬರೂ ಮಗಳು ಸಿರಿಯೂ ಬೆಲ್ವ್ಯೂನ ಇಂಡಿಯನ್ ಅಂಗಡಿಗೆ ಹೊರಟಿದ್ದೆವು. ಸಿರಿಗೆ ಹದಿಮೂರು. ಕಾರು ಹತ್ತಿದ ಕೂಡಲೇ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಾಳೆ. ಸಣ್ಣ ಮಳೆ, ರಸ್ತೆ ತುಂಬ ಕಾರು. ಕರ್ಕ್‌ಲ್ಯಾಂಡ್ ಹತ್ತಿರ, ಟೋಲ್ ಲೇನಿನಲ್ಲಿದ್ದ ಒಂದು ಬಿಳಿ ಕಾರು ದಾಟಬಾರದ ಎರಡು ಬಿಳಿಗೆರೆಯನ್ನೂ ತುಳಿದುಕೊಂಡು ನನ್ನ ಮುಂದೆ ನುಗ್ಗಿತು. ಒಂದು ಮೊಳ ಜಾಗವಿತ್ತೋ ಇಲ್ಲವೋ. ನಾನು ಬ್ರೇಕ್ ಒತ್ತಿದೆ, ಕ್ಯಾಮೆರಾ ಗುಂಡಿಯನ್ನೂ ಒತ್ತಿದೆ. ಬಾಯಿ ತನ್ನ ಕೆಲಸ ತಾನು ಮಾಡುತ್ತಿತ್ತು.

ಅಂಗಡಿ ಮುಂದೆ ಕಾರು ನಿಲ್ಲಿಸಿದಾಗ ತಾಯಿ ಮಗಳು ಇಳಿದು ಒಳಗೆ ಹೋದರು. ನನ್ನ ರಕ್ತ ಇನ್ನೂ ಬಿಸಿಯಿತ್ತು. ಭಾನುವಾರದವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಕೂತಲ್ಲಿಂದಲೇ ವಿಡಿಯೋವನ್ನು ಗುಂಪಿಗೆ ಹಾಕಿ, 'ಈತನಿಗೆ ಲೈಸೆನ್ಸ್ ಕೊಟ್ಟ ಪುಣ್ಯಾತ್ಮ ಯಾರು?' ಎಂದು ಕೆಳಗೆ ಬರೆದೆ.

ಮೊದಲ ಉತ್ತರ ಕೇಶವನದು. 'ಕಂಗ್ರಾಜುಲೇಷನ್ಸ್ ಅನುಶ್ರೀ ಅವರೇ!!' ಎಂದಿತ್ತು.

ಇವನು ಯಾವುದೋ ಗುಂಪಿಗೆ ಹಾಕಬೇಕಾದ್ದನ್ನು ಇಲ್ಲಿ ಹಾಕಿದ್ದಾನೆ ಎಂದು ನಕ್ಕೆ. ಅಷ್ಟರಲ್ಲಿ ಗುಂಪಿನ ಇನ್ನೊಬ್ಬ ಗೆಳೆಯ ವರುಣ್‌ನ ಚಪ್ಪಾಳೆ ಬಂತು. ಇಲ್ಲಿನ ಕನ್ನಡ ಸಂಘದ ಹಿರಿಯರಾದ ಪ್ರೇಮಮ್ಮನವರು ಬರೆಯುವ ಗೋಜಿಗೆ ಹೋಗದೆ ಮಾತನ್ನೇ ರೆಕಾರ್ಡ್ ಮಾಡಿ ಕಳಿಸಿದ್ದರು: 'ತುಂಬಾ ಸಂತೋಷ ಆಯ್ತಮ್ಮ ಅನು. ಇನ್ಮೇಲೆ ಯಾರ ಹಂಗೂ ಬೇಡ ನಿಂಗೆ.' ನಮ್ಮ ರಸ್ತೆಯ ಕೊನೆಯ ಮನೆಯಲ್ಲಿರುವ ಅಮೀನಾ ನೇರವಾಗಿ ಫೋನೇ ಮಾಡಿದಳು. ಮೈಸೂರಿನವಳು, ಅನುಶ್ರೀಯ ಜೀವದ ಗೆಳತಿ.

'ಅಣ್ಣಾ, ಆ ವಿಡಿಯೋನ ನೀವು ಸೌಂಡ್ ಇಟ್ಕೊಂಡು ಕೇಳಿದೀರಾ?'

'ಇಲ್ವಲ್ಲ. ಯಾಕಮ್ಮ?'

'ಕೇಳಿ ಮೊದ್ಲು,' ಎಂದು ಇಟ್ಟುಬಿಟ್ಟಳು.

ಕೇಳಿದೆ. ಅವಸರದಲ್ಲಿ ಸದ್ದು ತೆಗೆಯುವುದನ್ನೇ ಮರೆತಿದ್ದೆ. ಆ ಒಂದು ನಿಮಿಷ ಈಗ ನನಗೆ ಬಾಯಿಪಾಠವಾಗಿದೆ. ಮೊದಲಿಗೆ ಅನುಶ್ರೀಯ ದನಿ, ಸ್ವಲ್ಪ ನಗುವಿತ್ತು ಅದರಲ್ಲಿ.

'ರೀ, ನಿಮಗೊಂದು ವಿಷ್ಯ ಹೇಳ್ಬೇಕು.'

'ನೋಡು, ನೋಡು, ಬತ್ತಾವ್ನೆ ನೋಡು ಬಡ್ಡೆತ್ತುದ್ದು!'

'ಬುಧವಾರ ಡ್ರೈವಿಂಗ್ ಟೆಸ್ಟ್ ಕೊಟ್ಟೆ ರೀ. ಪಾಸಾದೆ.'

'ಇಂಡಿಕೇಟರ್ ಅನ್ನೋದನ್ನ ಏನು ಶೋಕಿಗೆ ಇಟ್ಟವ್ರಾ? ಯಾರಪ್ಪನ ಮನೆ ರೋಡು ಇದು?'

'ನೂರಕ್ಕೆ ಎಂಬತ್ತೆಂಟು ಬಂತು. ಅಮೀನಾ ಕಲಿಸಿದ್ಲು, ಆರು ತಿಂಗಳಿಂದ.'

'ಕಂಡ್ಯಾ? ಕಂಡ್ಯಾ ಅವ್ನು ಮಾಡಿದ್ದು?'

ಆಮೇಲೆ ನಾಲ್ಕೈದು ಸೆಕೆಂಡು ಬರೀ ವೈಪರ್ ಸದ್ದು. ಅದಾದ ಮೇಲೆ ಅವಳು ಮೆಲ್ಲಗೆ, 'ಹೂಂ ರೀ. ಇಂಡಿಕೇಟರ್ ಹಾಕ್ಲೇ ಇಲ್ಲ ಅವ್ನು,' ಎಂದಳು.

ಆ ಕೊನೆಯ ಮಾತು ನನಗೆ ನೆನಪಿತ್ತು. ಅದೊಂದು ಮಾತ್ರ ಕೇಳಿಸಿತ್ತು ನನಗೆ. ನನ್ನ ಹೆಂಡತಿಯೂ ರಸ್ತೆಯನ್ನು ಗಮನಿಸುತ್ತಾಳಲ್ಲ ಎಂದು ಆಗ ಸಮಾಧಾನವೂ ಆಗಿತ್ತು. ಈಗ ಅದನ್ನು ಮೊದಲಿಂದ ಇನ್ನೊಂದು ಸಲ ಹಾಕಿ ಕೇಳಿದೆ. ನಾಚಿಕೆ ಎಂದರೆ ಇದೇ ಎಂದು ಐವತ್ತರ ಹತ್ತಿರ ಬಂದು ಗೊತ್ತಾಯಿತು.

ಅನುಶ್ರೀ ಕೊತ್ತಂಬರಿ ಸೊಪ್ಪು, ಕರಿಬೇವಿನ ಚೀಲ ಹಿಡಿದು ಬಂದಳು. ಅವಳ ಫೋನು ಒಂದೇ ಸಮನೆ ಮಿಣುಕುತ್ತಿತ್ತು. ಅವಳೂ ಆ ಗುಂಪಿನಲ್ಲಿದ್ದಾಳಲ್ಲ. ಸಿರಿ ಹಿಂದೆ ಹತ್ತಿ ನನ್ನ ಮುಖ ನೋಡಿದಳು.

'ಅಪ್ಪಾ, ಯು ಡಿಡಂಟ್ ನೋ? ಐ ಸ್ಯಾಟ್ ಇನ್ ದ ಬ್ಯಾಕ್ ಫಾರ್ ಲೈಕ್ ಹಾಫ್ ಹರ್ ಲೆಸನ್ಸ್!'

'ಸಿರಿ, ಸುಮ್ನಿರು,' ಎಂದಳು ಅವಳಮ್ಮ. ನಾನು ಕಾರು ಶುರು ಮಾಡಲಿಲ್ಲ.

'ನನಗ್ಯಾಕೆ ಮೊದಲೇ ಹೇಳ್ಲಿಲ್ಲ?' ಎಂದೆ. ಕೇಳಿದ ಮೇಲೆ ಎಂಥ ಪ್ರಶ್ನೆ ಕೇಳಿದೆನೆಂದು ತಿಳಿಯಿತು.

'ನಿಮಗೇ ರೀ ಮೊದಲು ಹೇಳಿದ್ದು. ಕಲಿಯೋವಾಗ ಜೊತೆಗಿದ್ದ ಅಮೀನಾಗೂ ಸಿರಿಗೂ ಮಾತ್ರ ಪಾಸಾಗಿದ್ದು ಗೊತ್ತಿತ್ತು, ಅವರ ಬಾಯಿ ಕಟ್ಟಿ ಹಾಕಿದ್ದೆ. ಕಾರಲ್ಲೇ ಹೇಳ್ಬೇಕು ಅಂತ ಎರಡು ದಿನ ಕಾದಿದೀನಿ,' ಎಂದಳು. ಕೋಪವಿರಲಿಲ್ಲ ಆ ಮಾತಿನಲ್ಲಿ. ಕೋಪವಿದ್ದಿದ್ದರೆ ನಾನೂ ಏನಾದರೂ ತಿರುಗಿ ಹೇಳಿ ಪಾರಾಗುತ್ತಿದ್ದೆ.

'ನಾನು ಕಲಿಸ್ತಿರ್ಲಿಲ್ವಾ? ನಾನು ಯಾವತ್ತಾದ್ರೂ ನಿನ್ನ ಬೈದಿದೀನಾ?'

'ನನ್ನ ಬೈದಿಲ್ಲ. ಆದ್ರೆ ನೀವು ದಿನಾ ಬೈಯ್ಯೋರೆಲ್ಲ ಏನು ಮಾಡಿರ್ತಾರೆ? ಹೆದರ್ಕೊಂಡು ಬ್ರೇಕ್ ಹಾಕಿರ್ತಾರೆ. ಯಾವ ಲೇನು ಅಂತ ಗೊತ್ತಾಗದೆ ಕೊನೇಲಿ ತಿರುಗಿರ್ತಾರೆ. ಓಡೋ ಕಾರುಗಳ ಮಧ್ಯೆ ಮರ್ಜ್ ಆಗಕ್ಕೆ ಧೈರ್ಯ ಸಾಲ್ದೆ ನಿಂತಿರ್ತಾರೆ. ಅದೆಲ್ಲ ನಾನು ಮಾಡೋವೇ ರೀ. ಹನ್ನೊಂದು ವರ್ಷದಿಂದ ಪಕ್ಕದಲ್ಲಿ ಕೂತ್ಕೊಂಡು ನಾನು ಬೈಸ್ಕೊಂಡಿದೀನಿ.'

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಗಾದೆಯಲ್ಲಿ ಊರಿಗಾದರೂ ಉಪಕಾರವಾಗುತ್ತದೆ. ನನ್ನಿಂದ 405ಕ್ಕೆ ಏನು ಉಪಕಾರವಾಗಿತ್ತು? ಆ ಬಿಳಿ ಕಾರಿನವನು ಇಷ್ಟು ಹೊತ್ತಿಗೆ ಮನೆ ಸೇರಿ ಊಟಕ್ಕೆ ಕೂತಿರುತ್ತಾನೆ.

'ಕಂಗ್ರಾಟ್ಸ್,' ಎಂದೆ. ಗುಂಪಿನವರೆಲ್ಲ ಆದ ಮೇಲೆ, ಇನ್ನೂರ ಹದಿಮೂರನೆಯವನಾಗಿ.

'ಥ್ಯಾಂಕ್ಸ್,' ಎಂದಳು. ಕಾರು ಶುರು ಮಾಡಿ ಮನೆ ಕಡೆ ಹೊರಟೆ. ದಾರಿಯಲ್ಲಿ ಇಬ್ಬರು ಇಂಡಿಕೇಟರ್ ಹಾಕದೆ ಬಂದರು. ಬರಲಿ ಎಂದು ಬಿಟ್ಟೆ. ಬಿಟ್ಟದ್ದು ಒಳ್ಳೆಯತನದಿಂದಲ್ಲ, ಬೈಯಲು ಮುಖವಿರಲಿಲ್ಲ.

ಅವಳು ಇನ್ನೂ ಫ್ರೀವೇ ಮೇಲೆ ಓಡಿಸಿರಲಿಲ್ಲ. ಅಮೀನಾ ಊರೊಳಗಿನ ರಸ್ತೆಗಳಲ್ಲಿ ಮಾತ್ರ ಪಳಗಿಸಿದ್ದಳು. ಮಾರನೆಯ ದಿನ ಶನಿವಾರ ಮೊದಲ ಬಾರಿಗೆ 405 ಹತ್ತುವುದೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರಂತೆ. ಬೆಳಿಗ್ಗೆ ಕಾಫಿ ಕುಡಿಯುವಾಗ, ಆದಷ್ಟು ಸಹಜವಾಗಿ, 'ನಾನೇ ಪಕ್ಕದಲ್ಲಿ ಕೂರ್ತೀನಿ, ಅಮೀನಾಗೆ ಯಾಕೆ ತೊಂದ್ರೆ?' ಎಂದೆ.

'ಬೇಡ ರೀ,' ಎಂದಳು. ಅಷ್ಟೇ.

ಅಮೀನಾಳ ಬೂದು ಬಣ್ಣದ ಕಾರಿನಲ್ಲಿ ಇಬ್ಬರೂ ಹೊರಟರು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತೆ. ರಸ್ತೆಗೆ ಇಳಿಯುವಾಗ ಅನುಶ್ರೀ ಇಂಡಿಕೇಟರ್ ಹಾಕಿದಳು, ಹಿಂದೆ ಮುಂದೆ ಒಂದು ನರಪಿಳ್ಳೆ ಇಲ್ಲದಿದ್ದರೂ. ಒಂದೂವರೆ ಗಂಟೆಯಲ್ಲಿ ನಾನು ಪಾತ್ರೆ ತೊಳೆದೆ, ತೊಳೆದದ್ದನ್ನೇ ಇನ್ನೊಂದು ಸಲ ತೊಳೆದೆ. ಭಯವಿದ್ದದ್ದು ಅವಳ ಡ್ರೈವಿಂಗ್ ಬಗ್ಗೆಯಲ್ಲ. ಅವಳ ಹಿಂದೆ ನನ್ನಂಥವನೊಬ್ಬ ಇದ್ದರೆ ಎಂದು. ಬಂದು ಜಾಕೆಟ್ ತೂಗುಹಾಕಿದಾಗ ಅವಳ ಮುಖ ಕೆಂಪಾಗಿತ್ತು. ಹೇಗಿತ್ತು ಎಂದು ಕೇಳಿದೆ. 'ಚೆನ್ನಾಗಿತ್ತು' ಎಂದು ಸ್ನಾನಕ್ಕೆ ಹೋದಳು. ಎಲ್ಲವನ್ನೂ ಅಮೀನಾಳಿಗೆ ಹೇಳಿ ಮುಗಿಸಿ ಬಂದಿದ್ದಳು, ನನಗೆ ಹೇಳಲು ಏನೂ ಉಳಿದಿರಲಿಲ್ಲ. ಹೊಟ್ಟೆಕಿಚ್ಚಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಒಬ್ಬ ಹೆಂಗಸಿನ ಮೇಲೆ, ಹೆಂಡತಿಯ ಮಾತು ಕೇಳಿಸಿಕೊಂಡಳೆಂದು, ಹೊಟ್ಟೆಕಿಚ್ಚು.

ಇನ್ನೂ ಎರಡು ವಾರ ಹಾಗೆಯೇ ಹೋಯಿತು. ಹೋದ ಭಾನುವಾರ ಬೆಳಿಗ್ಗೆ ಸಿರಿ ಗೆಳತಿಯ ಮನೆಗೆ ಹೋಗಿದ್ದಳು. ಅನುಶ್ರೀ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ, ತಲೆ ಎತ್ತದೆ, 'ಬೆಲ್ವ್ಯೂವರೆಗೆ ಹೋಗಿ ಬರ್ತೀನಿ. ಬರ್ತೀರಾ?' ಎಂದಳು.

ನಾನಾಗಲೇ ಜಾಕೆಟ್ ಹುಡುಕುತ್ತಿದ್ದೆ.

'ಒಂದು ಮಾತು ಬಂದ್ರೂ ಮುಂದಿನ ಎಕ್ಸಿಟ್‌ನಲ್ಲಿ ಇಳಿಸಿ ಹೋಗ್ತೀನಿ. ಬಸ್ಸಲ್ಲಿ ಬನ್ನಿ.'

'ಆಯ್ತು.'

'ಯಾರಿಗೂ ರೀ. ನಂಗೆ ಮಾತ್ರ ಅಲ್ಲ.'

'ಆಯ್ತು ಕಣೇ.'

ಹನ್ನೊಂದು ವರ್ಷದ ಹಿಂದಿನ ಆ ಎರಡು ದಿನ ಬಿಟ್ಟರೆ, ನನ್ನದೇ ಕಾರಿನಲ್ಲಿ ಬಲಗಡೆ, ಓಡಿಸುವವರ ಪಕ್ಕದ ಸೀಟಿನಲ್ಲಿ, ಕೂತದ್ದು ಅದೇ ಮೊದಲು. ಬಾಥೆಲ್ ಹತ್ತಿರ ರ‍್ಯಾಂಪ್ ಏರಿ ಹೆದ್ದಾರಿಗೆ ಮರ್ಜ್ ಆಗುವಾಗ ನನ್ನ ಬಲಗಾಲು ಅಲ್ಲಿಲ್ಲದ ಬ್ರೇಕಿಗಾಗಿ ಮ್ಯಾಟನ್ನು ಒತ್ತುತ್ತಲೇ ಇತ್ತು. ಅವಳು ಎರಡು ಕಾರಿಗೆ ದಾರಿ ಬಿಟ್ಟು, ಮೂರನೆಯದರ ಹಿಂದೆ ಸಲೀಸಾಗಿ ಸೇರಿಕೊಂಡಳು. ಗಂಟೆಗೆ ಐವತ್ತೆಂಟು ಮೈಲಿಯಲ್ಲಿ, ನಿಧಾನಸ್ಥರ ಬಲಗಡೆಯ ಲೇನಿನಲ್ಲೇ ಹೊರಟಳು. ಎಲ್ಲರೂ ನಮ್ಮನ್ನು ದಾಟಿಕೊಂಡು ಹೋದರು. ರಸ್ತೆಯ ಮಳೆನೀರು ಎರಚಿದರು, ಬೆನ್ನಿಗೆ ಬಂದು ಅಂಟಿದರು. ನಾನು ಕೈಕಟ್ಟಿ ಕೂತೆ. ಸುಮ್ಮನಿರುವುದು ಇಷ್ಟು ದೊಡ್ಡ ಕೆಲಸವೆಂದು ನನಗೆ ಯಾರೂ ಹೇಳಿರಲಿಲ್ಲ.

ಕರ್ಕ್‌ಲ್ಯಾಂಡ್ ಬರುವ ಹೊತ್ತಿಗೆ ಅವಳ ಹೆಗಲು ಸ್ವಲ್ಪ ಇಳಿಯಿತು.

'ಟೆಸ್ಟ್ ದಿನ ಏನಾಯ್ತು ಗೊತ್ತಾ?' ಎಂದಳು.

'ಹೇಳು.'

'ಪರೀಕ್ಷೆ ಮಾಡಕ್ಕೆ ಬಂದಿದ್ದೋರು ಒಬ್ರು ದಪ್ಪನೆ ಹೆಂಗಸು. ನಗೋದೇ ಇಲ್ಲ ಆಯಮ್ಮ. ಇಳಿಜಾರಲ್ಲಿ ಪಾರ್ಕ್ ಮಾಡಿಸಿದ್ರು, ಮಾಡ್ದೆ. ಆಮೇಲೆ ಮೂಲೆ ಸುತ್ತಿ ಹಿಂದಕ್ಕೆ ಹೋಗಿ ಅಂದ್ರು. ನಂಗೆ ಅದೊಂದೇ ಬರ್ತಿರ್ಲಿಲ್ಲ ರೀ. ಹಿಂದಿನ ಚಕ್ರ ಇನ್ನೇನು ರಸ್ತೆ ಪಕ್ಕದ ಕಟ್ಟೆಗೆ ತಾಗುತ್ತೆ ಅನ್ನೋ ಹಂಗೆ ಹೋಗ್ತಿದೆ, ಆಯಮ್ಮ ಮಾರ್ಕ್ಸ್ ಕಳೆಯಕ್ಕೆ ಅಂತ ಪೆನ್ನು ಎತ್ತಿದ್ರು...'

ಅಷ್ಟರಲ್ಲಿ ಎಡಗಡೆಯಿಂದ ಒಂದು ಕಪ್ಪು ಪಿಕಪ್, ಎರಡು ಲೇನ್ ಅಡ್ಡ ಹಾಯ್ದು, ನಮ್ಮ ಮೂತಿಯ ಮುಂದಿನಿಂದ ಎಕ್ಸಿಟ್ ಕಡೆಗೆ ನುಗ್ಗಿತು. ಇಂಡಿಕೇಟರ್ ಇಲ್ಲ. ನನ್ನ ನಾಲಿಗೆಯ ತುದಿಗೆ ಮದ್ದೂರಿನ ಇಡೀ ಸಂತೆಯೇ ಬಂದು ನಿಂತಿತ್ತು. ಹಲ್ಲು ಕಚ್ಚಿಕೊಂಡೆ. ಅನುಶ್ರೀ ಹೌಹಾರಲಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಮೆಲ್ಲಗೆ ಬ್ರೇಕ್ ಒತ್ತಿ, ಅವನಿಗೆ ಜಾಗ ಬಿಟ್ಟಳು. ಕನ್ನಡಿ ನೋಡಿದಳು. ಮತ್ತೆ ಐವತ್ತೆಂಟಕ್ಕೆ ಬಂದಳು. ಆದರೆ ಮಾತು ನಿಂತುಹೋಗಿತ್ತು. ಒಂದು ಮೈಲಿಯಷ್ಟು ದೂರ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಹೋದಳು. ನನ್ನ ಕಡೆಯಿಂದ ಏನೋ ಬರುತ್ತದೆಂದು ಕಾಯುತ್ತಿದ್ದಳೆಂದು ಕಾಣುತ್ತದೆ.

ಆಮೇಲೆ ಕೇಳಿದಳು, 'ಎಲ್ಲಿಗೆ ನಿಲ್ಲಿಸಿದ್ದೆ ನಾನು?'

'ಮೂಲೆ ಸುತ್ತಿ ಹಿಂದಕ್ಕೆ ಹೋಗ್ತಿದ್ದೆ,' ಎಂದೆ. 'ಹಿಂದಿನ ಚಕ್ರ ಇನ್ನೇನು ಕಟ್ಟೆಗೆ ತಾಗೋದ್ರಲ್ಲಿತ್ತು. ಆಯಮ್ಮ ಪೆನ್ನು ಎತ್ತಿದ್ರು.'

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಕೆನ್ನೆ ಮಾತ್ರ ಒಂಚೂರು ಅಲುಗಿತು.

'ಹಾಂ, ಪೆನ್ನು ಎತ್ತಿದ್ರು,' ಎಂದಳು.

'ಆಮೇಲೆ?' ಎಂದೆ.